ಹತ್ತನೇ ಸ್ಥಾನದವರು ಆಡಿದ ಐದು ದಿನ

ಬ್ಯಾಸ್ಕೆಟ್‌ಬಾಲ್ ಅಂದ ತಕ್ಷಣ ಪುಟ ತಿರುಗಿಸಬೇಡಿ. ನಾನೂ ದಾವಣಗೆರೆಯವನು, ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು. ಎಂ.ಎಸ್. ಓದಲು ಅಮೆರಿಕದ ರಾಲಿ ನಗರದ ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿಗೆ ಹೋಗುವವರೆಗೂ ಈ ಆಟದಲ್ಲಿ ಎಷ್ಟು ಜನ ಆಡುತ್ತಾರೆ ಅನ್ನುವುದರಾಚೆ ನನಗೆ ಹೆಚ್ಚೇನೂ ಗೊತ್ತಿರಲಿಲ್ಲ. ಆದರೆ 2024ರ ಮಾರ್ಚ್‌ನಲ್ಲಿ ನಮ್ಮ ಕಾಲೇಜಿನ ಹುಡುಗರು ಐದು ದಿನ ಆಡಿದ ಆಟವನ್ನು, ಕೆಲಸ ಹುಡುಕುತ್ತಾ ಕುಳಿತಿರುವ ಎಲ್ಲರಿಗೂ ಒಮ್ಮೆ ಹೇಳಬೇಕು ಅನ್ನಿಸಿದೆ.

ಮೊದಲು ಆಟದ ವ್ಯವಸ್ಥೆ ಹೇಗಿದೆ ನೋಡಿ. ಅಲ್ಲಿ ಮೇಲಿನ ದರ್ಜೆಯಲ್ಲಿ ಆಡುವ ಕಾಲೇಜುಗಳೇ 350ಕ್ಕೂ ಹೆಚ್ಚು. ಇವು 'ಕಾನ್ಫರೆನ್ಸ್' ಎಂಬ ಗುಂಪುಗಳಲ್ಲಿ ಹಂಚಿಹೋಗಿವೆ. ನಮ್ಮ ವಿಟಿಯುನಲ್ಲಿ ವಲಯಗಳಿರುವ ಹಾಗೆ ಅಂದುಕೊಳ್ಳಿ. ನವೆಂಬರ್‌ನಿಂದ ಮಾರ್ಚ್ ಆರಂಭದವರೆಗೆ ಲೀಗ್ ಪಂದ್ಯಗಳು. ಅದು ಮುಗಿದ ಕೂಡಲೇ ಪ್ರತಿ ಕಾನ್ಫರೆನ್ಸ್‌ಗೂ ತನ್ನದೇ ನಾಕೌಟ್ ಟೂರ್ನಿ. ಸೋತರೆ ಮನೆಗೆ. ಗೆದ್ದ ತಂಡಕ್ಕೆ 68 ತಂಡಗಳ ರಾಷ್ಟ್ರೀಯ ಟೂರ್ನಿಗೆ ನೇರ ಟಿಕೆಟ್. 2024ರಲ್ಲಿ ಹೀಗೆ ನೇರವಾಗಿ ಹೋದ ತಂಡಗಳು 32. ಉಳಿದ 36 ತಂಡಗಳನ್ನು ಇಡೀ ಸೀಸನ್‌ನ ಸಾಧನೆ ನೋಡಿ ಆಯ್ಕೆ ಸಮಿತಿ ಆರಿಸಿತು.

ಅಂದರೆ ಎರಡು ಬಾಗಿಲು. ಒಂದು, ವರ್ಷವಿಡೀ ಚೆನ್ನಾಗಿ ಆಡಿದವರಿಗೆ. ಇನ್ನೊಂದು, ಆ ಕೆಲವು ದಿನ ಚೆನ್ನಾಗಿ ಆಡಿದವರಿಗೆ.

ನಮ್ಮ ತಂಡಕ್ಕೆ ಮೊದಲ ಬಾಗಿಲು ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಆಡಿದ 31 ಪಂದ್ಯಗಳಲ್ಲಿ ಗೆದ್ದದ್ದು 17, ಸೋತದ್ದು 14. ನಾವಿದ್ದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನ (ಎಲ್ಲರೂ ಕರೆಯುವುದು ಎಸಿಸಿ ಅಂತಲೇ) 15 ತಂಡಗಳಲ್ಲಿ ಹತ್ತನೇ ಸ್ಥಾನ. ಅದೂ ಕೊನೆಯ ನಾಲ್ಕು ಪಂದ್ಯಗಳನ್ನು ಸಾಲಾಗಿ ಸೋತು. ಕೋಚ್ ಕೆವಿನ್ ಕೀಟ್ಸ್ ಅವರನ್ನು ಮನೆಗೆ ಕಳಿಸುತ್ತಾರೆ ಎಂದು ಊರೆಲ್ಲ ಮಾತಾಡುತ್ತಿತ್ತು.

ಅದೇ ಹೊತ್ತಿಗೆ ನನ್ನ ಸ್ಥಿತಿಯೂ ಹತ್ತನೇ ಸ್ಥಾನದ್ದೇ. ಮೇ ತಿಂಗಳಲ್ಲಿ ಕೋರ್ಸ್ ಮುಗಿಯುವುದಿತ್ತು. ಸಾಧಾರಣ ಜಿಪಿಎ, ಕಳಿಸಿದ ಅರ್ಜಿ ಇನ್ನೂರು ದಾಟಿತ್ತು. ಉತ್ತರ ಬಂದರೆ 'ವಿಷಾದಿಸುತ್ತೇವೆ' ಅನ್ನುವ ಒಂದೇ ಅಚ್ಚಿನ ಮೇಲ್. ವಿದ್ಯಾರ್ಥಿ ವೀಸಾದಲ್ಲಿ ಓದು ಮುಗಿಸಿದವರಿಗೆ ಅಲ್ಲಿ ಕೆಲಸ ಮಾಡಲು ಅನುಮತಿ ಸಿಗುತ್ತದೆ. ಆದರೆ ಆ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಅಪ್ಪ ಮನೆ ಪತ್ರ ಅಡವಿಟ್ಟು ತೆಗೆದ ಎಜುಕೇಷನ್ ಲೋನ್ ಬೇರೆ. ಪ್ರತಿ ಭಾನುವಾರ ಅಮ್ಮ ವಿಡಿಯೊ ಕಾಲ್‌ನಲ್ಲಿ 'ಊಟ ಆಯ್ತಾ' ಅಂತಷ್ಟೇ ಕೇಳುತ್ತಿದ್ದಳು. ಕೆಲಸದ ಬಗ್ಗೆ ಬೇಕೆಂದೇ ಕೇಳುತ್ತಿರಲಿಲ್ಲ.

ಟೂರ್ನಿ ನಡೆದದ್ದು ವಾಷಿಂಗ್ಟನ್ ಡಿ.ಸಿ.ಯಲ್ಲಿ. ಇಲ್ಲಿ ಹತ್ತನೆಯವರಾಗಿರುವುದರ ಬೆಲೆ ಏನು ಗೊತ್ತೆ? ಮೊದಲ ನಾಲ್ಕು ಸ್ಥಾನದವರು ನೇರವಾಗಿ ಗುರುವಾರ ಕ್ವಾರ್ಟರ್‌ಫೈನಲ್‌ಗೆ ಬರುತ್ತಾರೆ. ಮೂರು ಪಂದ್ಯ ಗೆದ್ದರೆ ಕಪ್. ಐದರಿಂದ ಒಂಬತ್ತನೇ ಸ್ಥಾನದವರು ಬುಧವಾರ ಆಟ ಶುರು ಮಾಡುತ್ತಾರೆ. ಹತ್ತರಿಂದ ಕೆಳಗಿನವರು ಮಂಗಳವಾರವೇ ಅಂಗಳಕ್ಕಿಳಿಯಬೇಕು. ಕಪ್ ಬೇಕಾದರೆ ಐದು ದಿನದಲ್ಲಿ ಐದು ಪಂದ್ಯ, ವಿಶ್ರಾಂತಿಯಿಲ್ಲದೆ. ಎಸಿಸಿ ಇತಿಹಾಸದಲ್ಲಿ ಆವರೆಗೆ ಯಾರೂ ಅದನ್ನು ಮಾಡಿರಲಿಲ್ಲ.

ಮಂಗಳವಾರ ಲೂಯಿವಿಲ್ ವಿರುದ್ಧ 94-85. ಬುಧವಾರ ಸಿರಕ್ಯೂಸ್ ವಿರುದ್ಧ 83-65. ಗುರುವಾರ ಎರಡನೇ ಸ್ಥಾನದ ಡ್ಯೂಕ್ ವಿರುದ್ಧ 74-69. ಆಗ ನಮ್ಮ ಅಪಾರ್ಟ್‌ಮೆಂಟಿನ ಹುಡುಗರು ಲ್ಯಾಪ್‌ಟಾಪ್ ಬಿಟ್ಟು ಟಿ.ವಿ. ಮುಂದೆ ಬಂದರು. ಡ್ಯೂಕ್ ನಮ್ಮಿಂದ ಅರ್ಧ ಗಂಟೆ ದಾರಿ; ಪಕ್ಕದೂರಿನ ಶ್ರೀಮಂತ ನೆಂಟರಿದ್ದ ಹಾಗೆ. ಅವರನ್ನು ಸೋಲಿಸಿದ ಖುಷಿಯೇ ಬೇರೆ.

ತಂಡದ ಆಕರ್ಷಣೆ ಡಿ.ಜೆ. ಬರ್ನ್ಸ್. ಆರಡಿ ಒಂಬತ್ತು ಇಂಚು, ಸುಮಾರು 125 ಕಿಲೊ. ನೋಡಿದರೆ ಗರಡಿಮನೆಯಿಂದ ನೇರ ಬಂದವನ ಹಾಗಿದ್ದ. ಆದರೆ ಬೆನ್ನು ತಿರುಗಿಸಿ ಎದುರಾಳಿಯನ್ನು ತಳ್ಳುತ್ತಾ ಹೋಗಿ, ಕೊನೆ ಗಳಿಗೆಯಲ್ಲಿ ಎಡಗೈಯಿಂದ ಹೂ ಇಟ್ಟ ಹಾಗೆ ಚೆಂಡು ಹಾಕುವಾಗ ಪಾದಗಳು ಭರತನಾಟ್ಯ ಕಲಿತವನಂತೆ ಆಡುತ್ತಿದ್ದವು. ಮುಖದಲ್ಲಿ ಸದಾ ನಗು. ಇನ್ನೊಬ್ಬ, ಫ್ರಾನ್ಸ್‌ನಿಂದ ಬಂದ ಮೊಹಮದ್ ಡಿಯಾರಾ. ಅದೇ ವಾರ ರಂಜಾನ್ ತಿಂಗಳು ಶುರುವಾಗಿತ್ತು. ಅವನು ಉಪವಾಸ ಬಿಡದೆ ಆಡಿದ.

ಶುಕ್ರವಾರ ಸೆಮಿಫೈನಲ್, ಎದುರಿಗೆ ವರ್ಜೀನಿಯಾ. ಐದು ಸೆಕೆಂಡ್ ಉಳಿದಿದ್ದಾಗ ನಾವು ಮೂರು ಅಂಕ ಹಿಂದೆ, ಮೇಲಾಗಿ ಅವರಿಗೆ ಫ್ರೀ ಥ್ರೋ. ಮೊದಲನೆಯದು ಬಿದ್ದರೆ ಎರಡನೆಯದೂ ಸಿಗುತ್ತದೆ, ಕಥೆ ಮುಗಿಯುತ್ತದೆ. ಪಕ್ಕದ ರೂಮಿನವನೊಬ್ಬ ರಿಮೋಟ್ ಎತ್ತಿಕೊಂಡ. ನನ್ನ ರೂಮ್‌ಮೇಟ್ ಹುಬ್ಬಳ್ಳಿಯವನು, ತಟ್ಟೆಯಲ್ಲಿ ಅನ್ನ ಸಾರು ಕಲಸುತ್ತಾ, "ಲೇ, ಇನ್ನೂ ಟೈಮ್ ಅದನಲೇ, ಯಾಕ ಬಂದ್ ಮಾಡ್ತಿ?" ಅಂದ.

ಫ್ರೀ ಥ್ರೋ ತಪ್ಪಿತು. ಚೆಂಡು ನಮ್ಮ ಮೈಕಲ್ ಒಕಾನಲ್ ಕೈಗೆ ಬಂತು. ಓಡುತ್ತಾ ಬಂದು ಮೂರು ಅಂಕದ ಗೆರೆಯಾಚೆಯಿಂದ ಎಸೆದ. ಬೋರ್ಡಿಗೆ ಬಡಿದು ಒಳಗೆ ಬಿತ್ತು. ಸಮಯ ಮುಗಿಯಿತು, ಅಂಕ 58-58. ಓವರ್‌ಟೈಮ್‌ನಲ್ಲಿ ನಾವು 73-65ರಿಂದ ಗೆದ್ದೆವು. ಅನ್ನ ಸಾರು ನೆಲದ ಮೇಲಿತ್ತು.

ಶನಿವಾರ, ಮಾರ್ಚ್ 16. ಫೈನಲ್‌ನಲ್ಲಿ ಮೊದಲ ಸ್ಥಾನದ ನಾರ್ತ್ ಕ್ಯಾರೊಲಿನಾ. ರಾಲಿಯವನೇ ಆದ ಡಿ.ಜೆ. ಹಾರ್ನ್ 29 ಅಂಕ ಗಳಿಸಿದ. 84-76. 1987ರ ನಂತರ ನಮ್ಮ ಕಾಲೇಜಿಗೆ ಮೊದಲ ಎಸಿಸಿ ಕಪ್. ಕ್ಯಾಂಪಸ್‌ನ ಗಂಟೆ ಗೋಪುರಕ್ಕೆ ಗೆದ್ದ ದಿನ ಕೆಂಪು ದೀಪ ಹಾಕುತ್ತಾರೆ. ಆ ರಾತ್ರಿ ಅದರ ಸುತ್ತ ಜಾತ್ರೆ. ಕಥೆ ಅಲ್ಲಿಗೂ ಮುಗಿಯಲಿಲ್ಲ. ಕಪ್ ಇಲ್ಲದಿದ್ದರೆ ಆಹ್ವಾನವೇ ಬರುತ್ತಿರಲಿಲ್ಲ ಎಂದು ಎಲ್ಲರೂ ಹೇಳಿದ ತಂಡ ರಾಷ್ಟ್ರೀಯ ಟೂರ್ನಿಯಲ್ಲೂ ನಾಲ್ಕು ಪಂದ್ಯ ಗೆದ್ದು, 1983ರ ನಂತರ ಮೊದಲ ಬಾರಿ ಕೊನೆಯ ನಾಲ್ವರಲ್ಲಿ ಒಂದಾಯಿತು. ಅಲ್ಲಿ ಪರ್ಡ್ಯೂ ವಿರುದ್ಧ 63-50ರಿಂದ ಸೋತಿತು. ಅದೇ ವರ್ಷ ನಮ್ಮ ಮಹಿಳಾ ತಂಡವೂ ಕೊನೆಯ ನಾಲ್ವರ ಹಂತ ತಲುಪಿತ್ತು.

ಇಷ್ಟು ಹೇಳಿ, 'ನೋಡಿ ಗೆಳೆಯರೇ, ಛಲ ಬಿಡಬೇಡಿ' ಎಂದು ಮುಗಿಸಿಬಿಡಬಹುದು. ಆದರೆ ಅದು ಅರ್ಧ ಸತ್ಯ. ಆ ವಾರ 15 ತಂಡಗಳಲ್ಲಿ 14 ಸೋತು ಬಸ್ ಹತ್ತಿದವು. ಅವರಲ್ಲೂ ಛಲ ಇತ್ತು. ವರ್ಜೀನಿಯಾದ ಆ ಹುಡುಗನ ಫ್ರೀ ಥ್ರೋ ಬಿದ್ದಿದ್ದರೆ ನಾನು ಈ ಲೇಖನ ಬರೆಯುತ್ತಲೇ ಇರಲಿಲ್ಲ. ನಾಕೌಟ್ ಅಂದರೆ ಇದೇ: ಒಂದು ದಿನ ಅಳೆಯುವುದು ಆ ಒಂದು ದಿನವನ್ನು ಮಾತ್ರ.

ಇದರ ಇನ್ನೊಂದು ಮುಖ ನೋಡಲು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. ಆಗ ಒಂದು ಕಾನ್ಫರೆನ್ಸ್‌ನಿಂದ ಒಂದೇ ತಂಡ ರಾಷ್ಟ್ರೀಯ ಟೂರ್ನಿಗೆ ಹೋಗಬಹುದಿತ್ತು. ಎಸಿಸಿಯಲ್ಲಿ ಆ ತಂಡವನ್ನು ಆರಿಸುತ್ತಿದ್ದದ್ದು ಈ ನಾಕೌಟ್ ಟೂರ್ನಿಯೇ. ಇದ್ದದ್ದು ಒಂದೇ ಬಾಗಿಲು. 1974ರ ಮಾರ್ಚ್ 9ರಂದು ಗ್ರೀನ್ಸ್‌ಬರೋದಲ್ಲಿ ನಡೆದ ಫೈನಲ್‌ನಲ್ಲಿ ನಮ್ಮ ಕಾಲೇಜು ದೇಶದ ನಂಬರ್ ಒನ್, ಎದುರಾಳಿ ಮೇರಿಲ್ಯಾಂಡ್ ನಂಬರ್ ನಾಲ್ಕು. ಓವರ್‌ಟೈಮ್‌ವರೆಗೆ ಹೋದ ಪಂದ್ಯವನ್ನು ನಮ್ಮವರು 103-100ರಿಂದ ಗೆದ್ದರು, ಮುಂದೆ ರಾಷ್ಟ್ರೀಯ ಚಾಂಪಿಯನ್ನರೂ ಆದರು. ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದಾಗಿದ್ದ ಮೇರಿಲ್ಯಾಂಡ್, ಮೂರು ಅಂಕದ ಅಂತರಕ್ಕೆ ಮನೆಯಲ್ಲಿ ಕುಳಿತಿತ್ತು. ಅವರ ಕೋಚ್ ಲೆಫ್ಟಿ ಡ್ರಿಸೆಲ್ ಅಂದು ಗೆದ್ದವರ ಬಸ್ ಹತ್ತಿ ಅಭಿನಂದಿಸಿ ಬಂದರೆಂದು ರಾಲಿಯಲ್ಲಿ ಇಂದಿಗೂ ನೆನೆಯುತ್ತಾರೆ.

ಮರುವರ್ಷ, 1975ರಲ್ಲಿ ನಿಯಮ ಬದಲಾಯಿತು. ರಾಷ್ಟ್ರೀಯ ಟೂರ್ನಿಯನ್ನು 32 ತಂಡಗಳಿಗೆ ಹಿಗ್ಗಿಸಿ, ಒಂದೇ ಕಾನ್ಫರೆನ್ಸ್‌ನಿಂದ ಒಂದಕ್ಕಿಂತ ಹೆಚ್ಚು ತಂಡ ಬರಲು ಅವಕಾಶ ಕೊಟ್ಟರು. ಆ ಫೈನಲ್‌ಗೂ ಈ ಬದಲಾವಣೆಗೂ ಇರುವ ನಂಟನ್ನು ಆಟ ಬಲ್ಲವರೆಲ್ಲ ಹೇಳುತ್ತಾರೆ. ಹಾಗಾಗಿಯೇ 2024ರಲ್ಲಿ ನಮ್ಮೆದುರು ಸೋತ ಡ್ಯೂಕ್, ವರ್ಜೀನಿಯಾ, ನಾರ್ತ್ ಕ್ಯಾರೊಲಿನಾ ಮೂರಕ್ಕೂ ಆಹ್ವಾನ ಬಂತು. ಒಂದು ಕೆಟ್ಟ ರಾತ್ರಿ ಅವರ ಇಡೀ ವರ್ಷವನ್ನು ನುಂಗಲಿಲ್ಲ.

1974ರಲ್ಲಿ ಸೋತ ಆ ಮೇರಿಲ್ಯಾಂಡ್ ಹುಡುಗರು ಏನಾದರು? ಟಾಮ್ ಮೆಕ್‌ಮಿಲನ್ ರೋಡ್ಸ್ ಸ್ಕಾಲರ್ ಆಗಿ, ವೃತ್ತಿಪರ ಆಟವಾಡಿ, ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ಲೆನ್ ಎಲ್ಮೋರ್ ಹಾರ್ವರ್ಡ್‌ನಲ್ಲಿ ಕಾನೂನು ಓದಿ ವಕೀಲರಾದರು. ಜಾನ್ ಲ್ಯೂಕಸ್ 1976ರ ಎನ್‌ಬಿಎ ಆಯ್ಕೆಯಲ್ಲಿ ಮೊಟ್ಟಮೊದಲು ಕರೆಸಿಕೊಂಡ ಆಟಗಾರ. ಆ ಸಂಜೆ ಅವರ ಅಳತೆಯಾಗಿರಲಿಲ್ಲ.

ನಮ್ಮ ರೂಮಿನಲ್ಲೂ ಎರಡು ಬಾಗಿಲು ಕೆಲಸ ಮಾಡಿದವು. ಹುಬ್ಬಳ್ಳಿಯವನದು ನಾಲ್ಕಕ್ಕೆ ನಾಲ್ಕು ಜಿಪಿಎ. ಏಪ್ರಿಲ್‌ನಲ್ಲಿ ಒಂದು ದೊಡ್ಡ ಕಂಪನಿಯ ನಾಲ್ಕು ಸುತ್ತು ದಾಟಿ, ಕೊನೆಯ ಸುತ್ತಿನಲ್ಲಿ ಜ್ವರವಿಟ್ಟುಕೊಂಡು ಕುಳಿತು, ಬಾಯಿ ಕಟ್ಟಿದಂತಾಗಿ ಸೋತ. ಮೂರು ದಿನ ಮಾತಾಡಲಿಲ್ಲ. ಜೂನ್‌ನಲ್ಲಿ ಅವನ ಎರಡು ವರ್ಷದ ಲ್ಯಾಬ್ ಕೆಲಸ ನೋಡಿದ್ದ ಪ್ರೊಫೆಸರ್ ಒಬ್ಬರು ಬರೆದ ಪತ್ರ ಅವನಿಗೆ ಕೆಲಸ ಕೊಡಿಸಿತು. ಅವನಿಗೆ ತೆರೆದದ್ದು ಸೀಸನ್‌ನ ಬಾಗಿಲು. ನನ್ನ ಸೀಸನ್ ನೋಡಿ ಯಾರೂ ಕರೆಯುವಂತಿರಲಿಲ್ಲ. ಯಾರು ಬೇಕಾದರೂ ಬರೆಯಬಹುದಾದ ಒಂದು ಆನ್‌ಲೈನ್ ಟೆಸ್ಟ್ ಬರೆದೆ. ಆ ಶನಿವಾರ ಎಲ್ಲವೂ ಕೂಡಿಬಂತು. ನನ್ನ 90 ದಿನಗಳಲ್ಲಿ 63ನೇ ದಿನ ಆಫರ್ ಕೈಗೆ ಬಂತು. ಸಣ್ಣ ಕಂಪನಿ, ಸಣ್ಣ ಊರು. ಅಮ್ಮ ಅಂದು ಊಟದ ಬಗ್ಗೆ ಕೇಳಲಿಲ್ಲ, ಬರೀ ಅತ್ತಳು.

ಗೆಲುವೂ ಶಾಶ್ವತವಲ್ಲ ಅನ್ನುವುದನ್ನು ಕೋಚ್ ಕೀಟ್ಸ್ ಅವರನ್ನು ನೋಡಿ ತಿಳಿಯಬೇಕು. ಕಪ್ ಗೆದ್ದದ್ದರಿಂದ ಅವರ ಒಪ್ಪಂದ ಎರಡು ವರ್ಷ ಮುಂದಕ್ಕೆ ಹೋಯಿತು. ಮರುವರ್ಷ ಎಸಿಸಿಯಲ್ಲಿ 18 ತಂಡ, ಟೂರ್ನಿಗೆ ಅವಕಾಶ 15ಕ್ಕೆ ಮಾತ್ರ. ಹಾಲಿ ಚಾಂಪಿಯನ್ನರು ಆ 15ರೊಳಗೆ ಬರಲಿಲ್ಲ. 2025ರ ಮಾರ್ಚ್‌ನಲ್ಲಿ ಅವರನ್ನು ತೆಗೆದುಹಾಕಿದರು.

ಮರುವರ್ಷದ ಆ ಸುದ್ದಿ ಓದಿದಾಗಲೇ ನನಗೆ 2024ರ ಆ ಮಂಗಳವಾರದ ಬೆಲೆ ಸರಿಯಾಗಿ ತಿಳಿದದ್ದು. ನಾಲ್ಕು ಸೋಲು ಹೊತ್ತ ಹತ್ತನೇ ತಂಡಕ್ಕೂ ಅಂದು ಆಡಲು ಅಂಗಳ ಇತ್ತು. ಪಟ್ಟಿಯಲ್ಲಿ ಹೆಸರಿತ್ತು, ಅವರು ಹೋಗಿ ಆಡಿದರು.

ನೀವು ಕೆಪಿಎಸ್‌ಸಿ ಬರೆಯುತ್ತಿರಬಹುದು, ಬ್ಯಾಂಕ್ ಪರೀಕ್ಷೆಗೆ ಓದುತ್ತಿರಬಹುದು, ಕ್ಯಾಂಪಸ್ ಸೆಲೆಕ್ಷನ್‌ನ ಕೊನೆ ಬೆಂಚಿನಲ್ಲಿ ಕಾಯುತ್ತಿರಬಹುದು. ದಿನದಿನದ ಕೆಲಸವನ್ನು ಯಾರೋ ಒಬ್ಬರು ನೋಡುತ್ತಿರುತ್ತಾರೆ, ಅದನ್ನು ಕೆಡಿಸಿಕೊಳ್ಳಬೇಡಿ. ಅದು ಕೈಹಿಡಿಯದಿದ್ದರೂ ಹಾಲ್ ಟಿಕೆಟ್ ಬಂದಿದ್ದರೆ ಹೋಗಿ ಕುಳಿತುಕೊಳ್ಳಿ. ಆ ದಿನ ಕೈಕೊಟ್ಟರೆ, ಕೈಕೊಟ್ಟದ್ದು ಆ ದಿನ ಮಾತ್ರ. ಎರಡು ಬಾಗಿಲಲ್ಲಿ ನಿಮಗೆ ಯಾವುದು ತೆರೆಯುತ್ತದೋ ಮೊದಲೇ ಹೇಳಲಾಗದು. ಎರಡನ್ನೂ ತಟ್ಟುತ್ತಿರಿ.