ಲಾ ಕಾಲೇಜಿನ ಹೊಸ್ತಿಲು

ಮಳವಳ್ಳಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮುಸಲ್ಮಾನ ಕುಟುಂಬ, ತಂದೆ ಪೇಟೆಯಲ್ಲಿ ಬಟ್ಟೆ ಹೊಲಿಯುವವರು. ಮಗಳು ಪಿಯುಸಿ ಮುಗಿಸಿದ್ದಾಳೆ. ಬಂದಿರುವ ಅಂಕ ಶೇಕಡಾ 43. ಲಾ ಓದಬೇಕೆಂಬುದು ಆಕೆಯ ಹಂಬಲ. “ನಲವತ್ತೈದು ಇಲ್ಲದಿದ್ದರೆ ಅರ್ಜಿಯನ್ನೇ ಮುಟ್ಟುವುದಿಲ್ಲವಂತೆ” ಎಂದು ಯಾರೋ ಹೇಳುತ್ತಾರೆ. ಮನೆಯವರು ಸುಮ್ಮನಾಗುತ್ತಾರೆ. ಇಂಥ ಮನೆಗಳು ಮದ್ದೂರಿನಲ್ಲಿಯೂ ಉಂಟು, ಮಂಡ್ಯದಲ್ಲಿಯೂ ಉಂಟು. ಆ ‘ಅಂತೆ’ಯನ್ನು ನಂಬಿ ವಿದ್ಯೆಯನ್ನು ಕೈಬಿಡುವ ಮೊದಲು ನಿಯಮವೇನೆಂದು ತಿಳಿಯುವುದು ಒಳ್ಳೆಯದು.

ಕಾನೂನು ವ್ಯಾಸಂಗಕ್ಕೆ ಎರಡು ದಾರಿಗಳಿವೆ: ಪಿಯುಸಿಯ ನಂತರ ಐದು ವರ್ಷ, ಇಲ್ಲವೆ ಯಾವುದಾದರೂ ಪದವಿಯ ನಂತರ ಮೂರು ವರ್ಷ. ಎರಡಕ್ಕೂ ಭಾರತೀಯ ವಕೀಲರ ಪರಿಷತ್ತು ಕನಿಷ್ಠ ಅಂಕವನ್ನು ಗೊತ್ತುಮಾಡಿದೆ. ಸಾಮಾನ್ಯ ವರ್ಗದವರಿಗೆ ಶೇಕಡಾ 45, ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 40.

ಇಲ್ಲಿ ‘ಅಲ್ಪಸಂಖ್ಯಾತ’ ಎಂಬ ಮಾತಿನಿಂದ ಒಂದು ಗೊಂದಲ ಹುಟ್ಟುತ್ತದೆ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮದೇ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಅಂಕದ ರಿಯಾಯಿತಿ ಬರುವುದು ಬೇರೆ ದಾರಿಯಿಂದ, ಎಂದರೆ ಹಿಂದುಳಿದ ವರ್ಗಗಳ ಪಟ್ಟಿಯಿಂದ. ಕರ್ನಾಟಕದ ಪಟ್ಟಿಯಲ್ಲಿ ಮುಸಲ್ಮಾನರು 2ಬಿ ವರ್ಗಕ್ಕೆ ಸೇರಿದ್ದಾರೆ. 2023ರಲ್ಲಿ ಈ ವರ್ಗವನ್ನು ತೆಗೆಯುವ ಸರ್ಕಾರಿ ಆದೇಶ ಹೊರಟಿತಾದರೂ ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾಗಿ ಜಾರಿಗೆ ಬರಲಿಲ್ಲ. ಆದುದರಿಂದ ಮಳವಳ್ಳಿಯ ಆ ಹುಡುಗಿ ಅಳೆದುಕೊಳ್ಳಬೇಕಾದ ಗೆರೆ 42. ಆಕೆ ಅದರ ಮೇಲೆಯೇ ಇದ್ದಾಳೆ.

ಆದರೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ತಹಸೀಲ್ದಾರರು ಕೊಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೈಯಲ್ಲಿರಬೇಕು. ಅದು ಇಲ್ಲದವರನ್ನು ಸಾಮಾನ್ಯ ವರ್ಗದವರೆಂದೇ ಎಣಿಸುತ್ತಾರೆ; ಆಗ 43 ಅಂಕ ಸಾಲದಾಗುತ್ತದೆ. ಪ್ರವೇಶದ ಪ್ರಕಟಣೆ ಹೊರಡುವವರೆಗೆ ಕಾಯದೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಹಳೆಯ ಪತ್ರವಿದ್ದರೆ ಅದರ ಅವಧಿ ಮುಗಿದಿದೆಯೇ ಎಂದು ನೋಡಿಕೊಳ್ಳಿ. ಹೆಸರಿನ ಅಕ್ಷರಗಳು ಅಂಕಪಟ್ಟಿಯಲ್ಲಿರುವಂತೆಯೇ ಇವೆಯೇ ಎಂದು ಹೋಲಿಸಿ ನೋಡಿ.

ಕನಿಷ್ಠ ಅಂಕ ದಾಟಿದ ಮಾತ್ರಕ್ಕೆ ಸೀಟು ಸಿಕ್ಕಿತೆಂದು ತಿಳಿಯಬಾರದು. ಅದು ಹೊಸ್ತಿಲು ಮಾತ್ರ. ಒಳಗೆ ಮಣೆ ಸಿಗುವುದು ಆಯಾ ಕಾಲೇಜಿನ ಸ್ಥಾನಗಳನ್ನೂ ಮೀಸಲಾತಿಯನ್ನೂ ಅವಲಂಬಿಸಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥ ಸಂಸ್ಥೆಯ ಐದು ವರ್ಷದ ವ್ಯಾಸಂಗಕ್ಕೆ ‘ಕ್ಲಾಟ್’ ಎಂಬ ಪ್ರವೇಶಪರೀಕ್ಷೆ ಉಂಟು; ಅದು ಇಂಗ್ಲಿಷಿನಲ್ಲಿ ನಡೆಯುತ್ತದೆ, ಪೈಪೋಟಿಯೂ ಬಹಳ. ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪನೆಯಾದ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಪರೀಕ್ಷೆಯ ಅಂಕಗಳನ್ನೇ ನೋಡುತ್ತಾರೆ. ಮಂಡ್ಯದ ಪಿ.ಇ.ಎಸ್. ಕಾನೂನು ಕಾಲೇಜು, ಮೈಸೂರಿನ ಶಾರದಾ ವಿಲಾಸ, ವಿದ್ಯಾವರ್ಧಕ ಕಾಲೇಜುಗಳು ಈ ಬಗೆಯವು. ಮದ್ದೂರಿನವರು ರೈಲಿನಲ್ಲಿಯೂ, ರೈಲಿಲ್ಲದ ಮಳವಳ್ಳಿಯವರು ಬಸ್ಸಿನಲ್ಲಿಯೂ ಮಂಡ್ಯಕ್ಕೆ ಬರಬಹುದು. ಒಂದೇ ಕಾಲೇಜನ್ನು ನೆಚ್ಚದೆ ಎರಡು ಮೂರು ಕಡೆ ಅರ್ಜಿ ಹಾಕುವುದು ಜಾಣತನ.

ಇಂಗ್ಲಿಷಿಗೆ ಅಂಜಿ ಹಿಂದೆಗೆಯುವವರೂ ಇದ್ದಾರೆ. ಈ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ತಲೆಯಲ್ಲಿಯೇ, ಉತ್ತರವನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿಯಾಗಿ ಕನ್ನಡದಲ್ಲಿ ಬರೆಯಬಹುದೆಂಬ ಸೂಚನೆ ಇರುತ್ತದೆ. ತಾಲ್ಲೂಕು ನ್ಯಾಯಾಲಯಗಳಲ್ಲಿ ಕಕ್ಷಿಗಾರನ ಅಳಲು ಕೇಳಿಬರುವುದೂ ಕನ್ನಡದಲ್ಲಿಯೇ. ಉಚ್ಚ ನ್ಯಾಯಾಲಯದ ವ್ಯವಹಾರ ಇಂಗ್ಲಿಷಿನದಾದುದರಿಂದ ಮುಂದೆ ಅದನ್ನೂ ಕಲಿಯಬೇಕಾಗುವುದು ನಿಜ, ಕಲಿಯಲು ವರ್ಷಗಳಿವೆ.

ಇನ್ನೊಂದು ಎಚ್ಚರಿಕೆ. ಹತ್ತನೆಯ ತರಗತಿ, ಪಿಯುಸಿ, ಪದವಿ ಎಂಬ ಮೆಟ್ಟಿಲುಗಳನ್ನು ಕ್ರಮವಾಗಿ ಏರದೆ, ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರವಾಗಿ ಪದವಿ ಪಡೆದವರಿಗೆ ಪರಿಷತ್ತಿನ ನಿಯಮದ ಪ್ರಕಾರ ಪ್ರವೇಶವಿಲ್ಲ. ಶುಲ್ಕ ಕಟ್ಟಿದ ಮೇಲೆ ಇದು ತಿಳಿದುಬಂದರೆ ಬಡವರ ಹಣವೂ ವರ್ಷವೂ ಹೋಗುತ್ತವೆ.

ಕಡಿಮೆ ಅಂಕಕ್ಕೆ ಪ್ರವೇಶ ಕೇಳುವುದು ಭಿಕ್ಷೆ ಬೇಡಿದಂತೆ ಎಂದು ಕೆಲವರು ಆಡಿಕೊಳ್ಳುವುದುಂಟು. ಅವರು ನಮ್ಮ ನಾಡಿನ ಚರಿತ್ರೆಯನ್ನು ನೆನೆಯಬೇಕು. ಸರ್ಕಾರಿ ಕೆಲಸಗಳು ಕೆಲವೇ ಜನರ ಪಾಲಾಗಿದ್ದ ಕಾಲದಲ್ಲಿ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿತು. ಉಳಿದ ಜನರಿಗೂ ಉದ್ಯೋಗದಲ್ಲಿ, ವಿದ್ಯೆಯಲ್ಲಿ ಅವಕಾಶ ದೊರೆಯಬೇಕೆಂಬ ವಿಚಾರಕ್ಕೆ ಮೈಸೂರು ಸಂಸ್ಥಾನದಲ್ಲಿ ಅಂದೇ ಬುನಾದಿ ಬಿದ್ದಿತು. 1951ರಲ್ಲಿ ಸಂವಿಧಾನಕ್ಕೆ 15ನೆಯ ವಿಧಿಯ 4ನೆಯ ಖಂಡ ಸೇರಿ, ಅದೇ ವಿಚಾರ ಇಡೀ ದೇಶದ ಮಾತಾಯಿತು.

ರಿಯಾಯಿತಿ ಇರುವುದು ಬಾಗಿಲಲ್ಲಿ. ಒಳಗೆ ಹೋದ ಮೇಲೆ ಶೇಕಡಾ 70ರಷ್ಟು ಹಾಜರಿ ಎಲ್ಲರಿಗೂ ಬೇಕು. ಪದವಿಯ ನಂತರ ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಎಲ್ಲರೂ ಬರೆಯಬೇಕು. ಐದು ವರ್ಷದ ದುಡಿಮೆಯನ್ನು ಹದಿನೆಂಟನೆಯ ವಯಸ್ಸಿನ ಅಂಕಪಟ್ಟಿಯೊಂದೇ ತೀರ್ಮಾನಿಸಲಾರದು.

ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಇಂಥ ಮಗುವಿದ್ದರೆ, ಅಂಕಪಟ್ಟಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಡಲು ಬಿಡಬೇಡಿ. ಮೊದಲು ನಾಡಕಚೇರಿಗೆ, ಆಮೇಲೆ ಕಾಲೇಜಿಗೆ, ಜೊತೆಯಲ್ಲಿ ಹೋಗಿ ಬನ್ನಿ.