ಜಾಲತಾಣದ ವಿನ್ಯಾಸ: ಸಿಎಸ್‌ಎಸ್ ತಂತ್ರಗಳು ಮತ್ತು ಉದ್ಯಮಿಯ ಹಿತ

ಅಂಗಡಿಯ ಮುಂಭಾಗದ ಬಗ್ಗೆ ವರ್ತಕರು ವಹಿಸುವ ಕಾಳಜಿಯನ್ನು ಸಂಸ್ಥೆಯ ಜಾಲತಾಣದ ವಿಷಯದಲ್ಲಿ ವಹಿಸುವುದು ವಿರಳ. ಗ್ರಾಹಕನು ಮೊಬೈಲ್‌ನಲ್ಲಿ ತಾಣವನ್ನು ತೆರೆದಾಗ ದರಪಟ್ಟಿ ಪರದೆಯಾಚೆ ಸರಿದುಹೋದರೆ ಆತ ದೂರು ಹೇಳುವುದಿಲ್ಲ; ಮತ್ತೊಬ್ಬ ಮಾರಾಟಗಾರನತ್ತ ತೆರಳುತ್ತಾನೆ. ಈ ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಇದನ್ನು ತಡೆಯುವಲ್ಲಿ ಮುಖ್ಯ ಪಾತ್ರ ವಹಿಸುವುದು ಸಿಎಸ್‌ಎಸ್ ಎಂಬ ವಿನ್ಯಾಸ ಭಾಷೆ.

ಸಿಎಸ್‌ಎಸ್ ಎಂದರೇನು?

ಪುಟದಲ್ಲಿ ಏನಿದೆ ಎಂಬುದನ್ನು ಎಚ್‌ಟಿಎಂಎಲ್ ತಿಳಿಸಿದರೆ, ಅದು ಹೇಗೆ ಕಾಣಬೇಕು ಎಂಬುದನ್ನು ಸಿಎಸ್‌ಎಸ್ ನಿರ್ಧರಿಸುತ್ತದೆ. 1994ರಲ್ಲಿ ಹೋಕನ್ ವಿಯುಮ್ ಲೀ ಇದನ್ನು ಪ್ರಸ್ತಾಪಿಸಿದರು. 1996ರ ಡಿಸೆಂಬರ್‌ನಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಇದರ ಮೊದಲ ಆವೃತ್ತಿಯನ್ನು ಅಂಗೀಕರಿಸಿತು. ಒಂದೇ ಶೈಲಿ ಕಡತವು ತಾಣದ ಎಲ್ಲ ಪುಟಗಳನ್ನೂ ನಿಯಂತ್ರಿಸಬಲ್ಲದು. ಸಂಸ್ಥೆಯ ಬಣ್ಣವನ್ನು ಒಂದು ಕಡೆ ನಮೂದಿಸಿಟ್ಟರೆ, ಮುಂದೆ ಅಲ್ಲಿ ಮಾಡುವ ಒಂದು ಬದಲಾವಣೆ ಇನ್ನೂರು ಪುಟಗಳಿಗೂ ಅನ್ವಯವಾಗುತ್ತದೆ. ನಿರ್ವಹಣೆಯ ವೆಚ್ಚ ಉಳಿಯುವುದು ಇಲ್ಲಿಯೇ.

ಪರದೆಗೆ ತಕ್ಕ ವಿನ್ಯಾಸ

ಹಿಂದೆ ಕಂಪ್ಯೂಟರ್ ಪರದೆಯ ಅಗಲವನ್ನು ಮಾತ್ರ ಗಮನದಲ್ಲಿರಿಸಿ, ಕೋಷ್ಟಕಗಳನ್ನು ಬಳಸಿ ಪುಟಗಳನ್ನು ಕಟ್ಟಲಾಗುತ್ತಿತ್ತು. ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ವಿನ್ಯಾಸದ ಪರಿಕಲ್ಪನೆಯನ್ನು ಈಥನ್ ಮಾರ್ಕಾಟ್ 2010ರಲ್ಲಿ ಮಂಡಿಸಿದರು. ಪರದೆಯ ಅಗಲವನ್ನು ಅರಿತು ಶೈಲಿಯನ್ನು ಬದಲಿಸುವ 'ಮೀಡಿಯಾ ಕ್ವೆರಿ' ಇದರ ಆಧಾರ. 2015ರ ಏಪ್ರಿಲ್‌ನಿಂದ ಗೂಗಲ್, ಮೊಬೈಲ್ ಮೂಲಕ ನಡೆಯುವ ಹುಡುಕಾಟದಲ್ಲಿ ಮೊಬೈಲ್‌ಗೆ ಹೊಂದುವ ಪುಟಗಳಿಗೆ ಆದ್ಯತೆ ನೀಡತೊಡಗಿತು.

ವಸ್ತುಗಳನ್ನು ಒಂದೇ ಸಾಲಿನಲ್ಲಿ ಅಥವಾ ಒಂದೇ ಕಂಬದಲ್ಲಿ ಹೊಂದಿಸಲು 'ಫ್ಲೆಕ್ಸ್‌ಬಾಕ್ಸ್' ಸೂಕ್ತ. ಅಡ್ಡಸಾಲು ಹಾಗೂ ಕಂಬಸಾಲು ಎರಡನ್ನೂ ಏಕಕಾಲಕ್ಕೆ ನಿರ್ವಹಿಸುವುದು 'ಗ್ರಿಡ್'. ಇದು 2017ರ ಮಾರ್ಚ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್ ಮತ್ತು ಸಫಾರಿಗಳಲ್ಲಿ ಲಭ್ಯವಾಯಿತು. ಕಂಪ್ಯೂಟರಿನಲ್ಲಿ ಸಾಲಿಗೆ ನಾಲ್ಕರಂತೆ ಕಾಣುವ ಪಂಪ್‌ಸೆಟ್ ಅಥವಾ ಸೀರೆಗಳ ಚಿತ್ರಗಳು ಮೊಬೈಲ್‌ನಲ್ಲಿ ತಾವಾಗಿಯೇ ಎರಡರಂತೆ ಜೋಡಣೆಗೊಳ್ಳುತ್ತವೆ. ಮೊಬೈಲ್‌ಗೆಂದು ಪ್ರತ್ಯೇಕ ತಾಣದ ಅಗತ್ಯವಿಲ್ಲ. 2023ರಿಂದ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲಿ ದೊರೆಯುತ್ತಿರುವ 'ಕಂಟೇನರ್ ಕ್ವೆರಿ' ಇನ್ನೂ ಒಂದು ಹೆಜ್ಜೆ ಮುಂದಿದೆ: ಇಡೀ ಪರದೆಯನ್ನಲ್ಲದೆ, ತನಗೆ ದೊರೆತ ಜಾಗವನ್ನು ನೋಡಿ ಪ್ರತಿ ಭಾಗವೂ ಹೊಂದಿಕೊಳ್ಳುತ್ತದೆ.

ಕನ್ನಡ ಪುಟಗಳ ವಿಶೇಷ

ಕನ್ನಡದ ಒತ್ತಕ್ಷರಗಳು ಕೆಳಕ್ಕೆ ಇಳಿಯುವುದರಿಂದ ಇಂಗ್ಲಿಷ್‌ಗೆ ಸಾಕಾಗುವ ಸಾಲಿನ ಅಂತರ ಇಲ್ಲಿ ಸಾಲದು. ಇಂಗ್ಲಿಷ್ ಶೀರ್ಷಿಕೆಗಳಲ್ಲಿ ರೂಢಿಯಲ್ಲಿರುವಂತೆ ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದರೆ ಪದ ಬಿಡಿಬಿಡಿಯಾಗಿ ಕಾಣುತ್ತದೆ. ಪಠ್ಯವು ಚಿತ್ರರೂಪದಲ್ಲಿರದೆ ಯುನಿಕೋಡ್‌ನಲ್ಲಿರಬೇಕು; ಆಗ ಮಾತ್ರ ಕನ್ನಡದಲ್ಲಿ ಹುಡುಕುವ ಗ್ರಾಹಕನಿಗೆ ಅದು ಸುಲಭವಾಗಿ ದೊರೆಯುತ್ತದೆ.

ಹಣ ಪಾವತಿಸುವ ಮುನ್ನ

ತಾಣವನ್ನು ಸಿದ್ಧಪಡಿಸುವವರಿಗೆ ಅಂತಿಮ ಕಂತು ನೀಡುವ ಮುನ್ನ ಉದ್ಯಮಿಗಳು ಈ ಅಂಶಗಳನ್ನು ಸ್ವತಃ ಪರಿಶೀಲಿಸುವುದು ಒಳಿತು:

1. ಸಾಧಾರಣ ಮೊಬೈಲ್‌ನಲ್ಲಿ ಪುಟವನ್ನು ಅಡ್ಡಲಾಗಿ ಸರಿಸದೆ ಓದಬಹುದೇ?
2. ಅಕ್ಷರಗಳನ್ನು ಎರಡು ಪಟ್ಟು ಹಿಗ್ಗಿಸಿದಾಗ ಸಾಲುಗಳು ಒಂದರ ಮೇಲೊಂದು ಬೀಳುತ್ತವೆಯೇ?
3. ಅಕ್ಷರದ ಬಣ್ಣ ಬಿಸಿಲಿನಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆಯೇ?
4. ದರಪಟ್ಟಿಯನ್ನು ಮುದ್ರಿಸಿದಾಗ ಜಾಹೀರಾತು, ಮೆನುಗಳಿಲ್ಲದೆ ಶುದ್ಧವಾಗಿ ಬರುತ್ತದೆಯೇ? ಮುದ್ರಣಕ್ಕೆ ಪ್ರತ್ಯೇಕ ಶೈಲಿಯನ್ನು ಸಿಎಸ್‌ಎಸ್‌ನಲ್ಲಿಯೇ ಬರೆಯಬಹುದು.

ಈ ಷರತ್ತುಗಳನ್ನು ಕರಾರುಪತ್ರದಲ್ಲಿಯೇ ನಮೂದಿಸುವುದು ಹಾಗೂ ಶೈಲಿ ಕಡತಗಳ ಪ್ರತಿಯನ್ನು ತಮ್ಮ ವಶದಲ್ಲಿರಿಸಿಕೊಳ್ಳುವುದು ಸೂಕ್ತ. ವಿನ್ಯಾಸಕಾರರು ಬದಲಾದರೂ ತಾಣವನ್ನು ಮೊದಲಿನಿಂದ ಕಟ್ಟಿಸುವ ಪ್ರಮೇಯ ಆಗ ಒದಗುವುದಿಲ್ಲ.