ಮೂರು ಊರು ನೋಡಿ ಬಂದೆವು

ಗೋಳಗುಮ್ಮಟದ ಹೆಸರು ಕೇಳದವರು ಯಾರಿದ್ದಾರೆ? ನೀವೂ ಅದರ ಚಿತ್ರ ನೋಡಿರಬಹುದು. ನಮ್ಮ ಕಲಿಕಾ ಕೇಂದ್ರದವರು ಚಿತ್ರ ಮಾತ್ರ ನೋಡಿದ್ದರು. ಸುಗ್ಗಿ ಮುಗಿಯಿತು. ಎಲ್ಲರೂ ಸೇರಿ ಪ್ರವಾಸ ಹೊರಟೆವು. ಮೂರು ದಿನ, ಮೂರು ಊರು. ವಿಜಯಪುರ, ಕಲಬುರಗಿ, ಬೀದರ್. ಹಿಂದೆ ಸುಲ್ತಾನರು ಆಳಿದ ಊರುಗಳು ಇವು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದೆವು.

ಮೊದಲ ದಿನ ವಿಜಯಪುರ. ಗೋಳಗುಮ್ಮಟ ಅಂದರೆ ಅರಮನೆ ಅಲ್ಲ, ಗೋರಿ. ಮುಹಮ್ಮದ್ ಆದಿಲ್ ಶಾಹ ಎಂಬ ಸುಲ್ತಾನರ ಗೋರಿ. ಅವರು 1656ರಲ್ಲಿ ತೀರಿಕೊಂಡರು. ಒಳಗೆ ಹೋಗಿ ತಲೆ ಎತ್ತಿದರೆ ಕುತ್ತಿಗೆ ನೋಯುತ್ತದೆ, ಅಷ್ಟು ಎತ್ತರ. ಇಷ್ಟು ದೊಡ್ಡ ಗುಮ್ಮಟಕ್ಕೆ ನಡುವೆ ಒಂದು ಕಂಬವೂ ಇಲ್ಲ! ಹಾಗಾದರೆ ಹೇಗೆ ನಿಂತಿದೆ?

ಚೌಕ ಪೆಟ್ಟಿಗೆ ಮೇಲೆ ದುಂಡನೆ ಬೋಗುಣಿ ಬೋರಲು ಹಾಕಿ ನೋಡಿ. ನಾಲ್ಕು ಮೂಲೆ ಬಯಲಾಗಿ ಉಳಿಯುತ್ತವೆ. ಇಲ್ಲಿಯೂ ಗೋಡೆ ಚೌಕ, ಗುಮ್ಮಟ ದುಂಡು. ಅದಕ್ಕೇ ಕಟ್ಟಿದವರು ಗೋಡೆಯಿಂದ ದೊಡ್ಡ ದೊಡ್ಡ ಕಮಾನು ಎಬ್ಬಿಸಿದ್ದಾರೆ. ಒಂದು ಕಮಾನು ಇನ್ನೊಂದನ್ನು ಹಾದು ಹೋಗುತ್ತದೆ. ಹೀಗೆ ಮೂಲೆಗಳು ಮುಚ್ಚಿಕೊಂಡಿವೆ. ಗುಮ್ಮಟದ ಭಾರ ಕಮಾನಿಗೆ, ಕಮಾನಿನ ಭಾರ ಗೋಡೆಗೆ ಇಳಿಯುತ್ತದೆ.

ಏಳು ಅಂತಸ್ತು ಹತ್ತಿ ಮೇಲಿನ ಮೊಗಸಾಲೆಗೆ ಹೋದೆವು. ಅಲ್ಲಿ ಒಂದು ಮಾತಾಡಿದರೆ ಏಳೆಂಟು ಸಲ ಕೇಳುತ್ತದೆ. ದನಿ ದುಂಡು ಗೋಡೆಗೆ ಬಡಿದು ತಿರುಗಿ ಬರುತ್ತದೆ. ಆದರೆ ಬಂದವರೆಲ್ಲ ಕೂಗಿದರೆ ಏನೂ ತಿಳಿಯಲ್ಲ. ನಾವೂ ಕೂಗಿದೆವು ಅನ್ನಿ!

ಎರಡನೆಯ ದಿನ ಕಲಬುರಗಿ. ಕೋಟೆಯೊಳಗೆ 1367ರ ಮಸೀದಿ ಇದೆ. ಮಸೀದಿಗೆ ಸಾಮಾನ್ಯವಾಗಿ ತೆರೆದ ಅಂಗಳ ಇರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಎಲ್ಲಾ ಕಡೆ ಮಾಡು. ಒಳಗೆ ತಂಪೋ ತಂಪು. ಆಮೇಲೆ ಬಂದೇ ನವಾಜರ ದರ್ಗಾಕ್ಕೆ ಹೋದೆವು. ಅಲ್ಲಿಗೆ ಹಿಂದೂಗಳು, ಮುಸ್ಲಿಮರು ಇಬ್ಬರೂ ನಡೆದುಕೊಳ್ಳುತ್ತಾರೆ.

ಮೂರನೆಯ ದಿನ ಬೀದರ್. ಇಲ್ಲಿ ನಮಗೆ ಹೆಚ್ಚು ಹೊತ್ತು ಹಿಡಿಯಿತು. ಯಾಕೆಂದರೆ ನಾವು ನೋಡಿದ್ದು ಒಂದು ಶಾಲೆ. ಮದರಸ ಅಂದರೆ ಶಾಲೆ ಅಂತಲೇ ಅರ್ಥ. 1472ರಲ್ಲಿ ಇದನ್ನು ಕಟ್ಟಿಸಿದವರು ಮಹಮೂದ್ ಗವಾನ್. ಅವರು ಇರಾನ್ ದೇಶದವರು. ವ್ಯಾಪಾರಕ್ಕೆ ಬಂದು, ಬಹಮನಿ ರಾಜ್ಯದ ದೊಡ್ಡ ಮಂತ್ರಿಯಾದರು. ಮೂರು ಅಂತಸ್ತಿನ ಶಾಲೆ. ಕಲಿಸುವವರಿಗೂ ಕಲಿಯುವವರಿಗೂ ಅಲ್ಲೇ ಕೋಣೆಗಳು. ಪುಸ್ತಕಗಳ ಭಂಡಾರವೂ ಇತ್ತು. ಆಗ ನಮ್ಮಲ್ಲಿ ಅಚ್ಚಿನ ಯಂತ್ರ ಇರಲಿಲ್ಲ. ಎಲ್ಲಾ ಪುಸ್ತಕ ಕೈಯಲ್ಲೇ ಬರೆದವು! ಗೋಡೆಗೆ ನೀಲಿ, ಹಸಿರು ಬಣ್ಣದ ಹೊಳೆಯುವ ಹಂಚು ಕೂಡಿಸಿದ್ದರು. ಕೆಲವು ಈಗಲೂ ಉಳಿದಿವೆ. 1696ರಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಬಿದ್ದುಹೋಯಿತು. ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ.

ಗವಾನರ ಕೊನೆ ಹೇಗಾಯಿತು ಕೇಳಿ. ಅವರಿಗೆ ಆಗದವರು ದರ್ಬಾರಿನಲ್ಲಿ ಬಹಳ ಮಂದಿ. ಅವರು ಗವಾನರ ಮುದ್ರೆ ಕಾಯುವವನನ್ನು ಒಳಗೆ ಹಾಕಿಕೊಂಡರು. ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿದರು. ಆಮೇಲೆ ಅದರ ಮೇಲೆ ಒಂದು ಕಾಗದ ಬರೆದರು. ನಮ್ಮ ರಾಜ್ಯದ ಮೇಲೆ ದಂಡೆತ್ತಿ ಬನ್ನಿ ಎಂದು ಒರಿಸ್ಸಾದ ರಾಜನಿಗೆ ಗವಾನರೇ ಬರೆದ ಹಾಗೆ! ಸುಲ್ತಾನ ಮೂರನೆಯ ಮುಹಮ್ಮದ್ ಶಾಹ ಅದನ್ನು ನಂಬಿದ. ಮುದ್ರೆ ತಮ್ಮದು, ಬರಹ ತಮ್ಮದಲ್ಲ ಎಂದು ಗವಾನರು ಹೇಳಿದರೂ ಕೇಳಲಿಲ್ಲ. 1481ರಲ್ಲಿ ಅವರ ತಲೆ ತೆಗೆಸಿದ. ಮೋಸ ಆಮೇಲೆ ಬಯಲಾಯಿತು. ಮುಂದೆ ಬಹಮನಿ ರಾಜ್ಯ ಒಡೆದು ಐದು ಪಾಲಾಯಿತು.

ಇದನ್ನು ಕೇಳಿ ನಮ್ಮ ಜೊತೆಗಿದ್ದ ಒಬ್ಬ ಅಜ್ಜಿ ಅಂದಳು: "ಅಕ್ಕೋರೆ, ಅವರಿಗೆ ಓದಾಕ ಬರೀಲಿಕ್ಕ ಬರ್ತಿತ್ತಲ್ರಿ? ಆದ್ರೂ ಹೆಂಗ ಮೋಸ ಹೋದ್ರು?" ಮುದ್ರೆ ಬೇರೆಯವರ ಕೈಯಲ್ಲಿತ್ತಲ್ಲ ಅಜ್ಜಿ, ಅಂದೆವು. ಆಗ ಅವಳು ತನ್ನ ಮಾತು ಹೇಳಿದಳು. ಅವಳ ಗಂಡ ಸಾಲಕ್ಕೆಂದು ಖಾಲಿ ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದನಂತೆ. ಸಾಲ ಕೊಟ್ಟವನು ಹೊಲ ಮಾರಿದ ಹಾಗೆ ಬರೆಸಿಕೊಂಡ. ಎರಡು ಎಕರೆ ಹೋಯಿತು.

ಮದರಸದ ಕಟ್ಟೆಯ ಮೇಲೆ ಅರ್ಧ ತಾಸು ಇದೇ ಮಾತು ನಡೆಯಿತು. ಹಂಚು, ಮಿನಾರು ಎಲ್ಲಾ ಮರೆತೇ ಹೋಯಿತು. ಸಹಿ ಮಾಡುವ ಮುಂಚೆ ಪೂರ್ತಿ ಓದಬೇಕು. ಖಾಲಿ ಜಾಗ ಇದ್ದರೆ ಅಲ್ಲಿ ಗೆರೆ ಎಳೆಯಬೇಕು. ಒಂದು ಪ್ರತಿ ನಮ್ಮ ಹತ್ತಿರ ಇರಬೇಕು. ಹಣದ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಬೇಕು. ಅಜ್ಜಿ ಗೆರೆ ಎಳೆಯುವುದನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಚೀಲದಿಂದ ನೋಟ್‌ಬುಕ್ ತೆಗೆದು ಒಂದು ಹಾಳೆಯ ಮೇಲೆ ಎಳೆದೂ ನೋಡಿದಳು.

ಗವಾನರ ಗೋರಿ ಊರ ಹೊರಗಿದೆ. ಅಲ್ಲಿಗೆ ಹೋಗಲು ಹೊತ್ತು ಸಾಲಲಿಲ್ಲ. ಏಳು ಗಂಟೆಗೆ ನಮ್ಮ ಬಸ್ಸು ಇತ್ತು.